ಎರಡು ಬಾಣಂತನ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಎರಡು ಬಾಣಂತನ ಒಟ್ಟಿಗೆ ನಡೆದವು. ಒಂದು ಒಳಗಿನ ಕೋಣೆಯಲ್ಲಿ, ನನ್ನ ಹೆಂಡತಿಯದು. ಇನ್ನೊಂದು ಗ್ಯಾರೇಜಿನಲ್ಲಿ, ನನ್ನ ಸ್ನೋಮೊಬೈಲಿನದು. ಮೊದಲನೆಯದಕ್ಕೆಂದೇ ತೀರ್ಥಹಳ್ಳಿಯಿಂದ ಅತ್ತೆ ಬಂದಿದ್ದರು. ಎರಡನೆಯದಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ. ಆದರೆ ನಾಲ್ಕು ಹೆತ್ತು, ಹತ್ತಾರು ಬಾಣಂತನ ಮಾಡಿದ ಕೈ ಅದು. ಯಾರೋ ಎಣ್ಣೆ ಹಿಡಿದುಕೊಂಡು ತಡಕಾಡುವುದನ್ನು ಕಂಡರೆ ಸುಮ್ಮನಿರಬೇಕಲ್ಲ?

ಅತ್ತೆಯ ಎರಡು ಸೂಟ್‌ಕೇಸ್‌ಗಳಲ್ಲಿ ಒಂದರ ತುಂಬ ಗ್ರಂದಿಗೆ ಅಂಗಡಿಯೇ ಇತ್ತು. ಓಮ, ಬಜೆ, ಒಣಶುಂಠಿ, ಬಾಣಂತಿ ಲೇಹ್ಯ, ಸಾಂಬ್ರಾಣಿ. ನಾಲ್ಕು ಪ್ಲಾಸ್ಟಿಕ್ ಕವರಿನೊಳಗೆ, ಅದರ ಮೇಲೊಂದು ಹಳೇ ಟವೆಲಿನೊಳಗೆ, ಮನೆಯಲ್ಲೇ ಕಾಸಿ ತೆಗೆದ ಹರಳೆಣ್ಣೆಯ ಬಾಟಲಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಎತ್ತಿ ಹಿಡಿದು ಏನಿದು ಎಂದು ಕೇಳಿದಾಗ ಅತ್ತೆ ತಮ್ಮ ನೆತ್ತಿ ತಟ್ಟಿ ತೋರಿಸಿದರಂತೆ. ಅವನಿಗೆ ಏನು ಅರ್ಥವಾಯಿತೋ, ಕೈಮುಗಿದು ಬಿಟ್ಟನಂತೆ.

ಬಂದ ಮೂರನೇ ದಿನ ಸಾಂಬ್ರಾಣಿಯಿಂದ ರಾದ್ಧಾಂತವಾಯಿತು. ಮಗುವಿಗೂ ತಾಯಿಗೂ ನೀರು ಹಾಕಿ, ಕೆಂಡ ಸಿಗದೆ ಇದ್ದಿಲಿನ ಬಿಲ್ಲೆ ಹೊತ್ತಿಸಿ, ಅತ್ತೆ ಒಂದು ಚಿಟಿಕೆ ಹಾಕಿದ್ದೇ ತಡ, ಚಾವಣಿಯ ಹೊಗೆಗಂಟೆ ಕಿರುಚಿಕೊಂಡಿತು. ಒಂದು ಕಿರುಚಿದರೆ ಮನೆಯಲ್ಲಿರುವ ಐದೂ ಕಿರುಚುವಂತೆ ಜೋಡಿಸಿದ್ದರು. ಮಗು ಆರನೆಯದಾಗಿ ಸೇರಿಕೊಂಡಿತು. ಅಂದಿನಿಂದ ಮನೆಯೊಳಗೆ ಸಾಂಬ್ರಾಣಿ ನಿಷೇಧ. ಆ ಸಿಟ್ಟು ಅತ್ತೆಯ ಮನಸ್ಸಿನಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು. ಮುಂದಿನ ಕಥೆಗೆ ಅದು ಬೇಕು.

ನಾವಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಡುಲುತ್ ಊರಿನಲ್ಲಿ, ಸುಪೀರಿಯರ್ ಸರೋವರದ ದಂಡೆಗೆ. ಇದೇ ರಾಜ್ಯದ ಟವರ್ ಎಂಬ ಊರಿನ ಹತ್ತಿರ 1996ರ ಫೆಬ್ರವರಿ 2ರಂದು ಚಳಿ ಸೊನ್ನೆಯಿಂದ ಕೆಳಗೆ 51 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಸೊನ್ನೆಯಿಂದ 39 ಡಿಗ್ರಿ ಕೆಳಗೆ ಹೋದರೆ ಪಾದರಸವೇ ಗಟ್ಟಿಯಾಗುತ್ತದೆ. ಅಂದರೆ ಚಳಿ ಅಳೆಯುವ ಹಳೇ ಕಾಲದ ಕಡ್ಡಿಯೂ ಕೈಚೆಲ್ಲಿ ಕೂರುವಂಥ ಚಳಿ. ಇಂಥ ಕಡೆ ಐದು ತಿಂಗಳು ಕಿಟಕಿಯಲ್ಲಿ ಕೂತು ಹಿಮ ನೋಡುತ್ತಿದ್ದರೆ ಮನುಷ್ಯ ಒಂದೋ ಕವಿಯಾಗುತ್ತಾನೆ, ಇಲ್ಲವೇ ಸ್ನೋಮೊಬೈಲ್ ಕೊಳ್ಳುತ್ತಾನೆ. ನಾನು ಮೊದಲನೆಯದನ್ನು ಪ್ರಯತ್ನಿಸಿ, ಓದಿದವರ ಮುಖ ನೋಡಿ, ಎರಡನೆಯದಕ್ಕೆ ಬಂದವನು.

ಕಾಣದವರಿಗೆ ಹೇಳುವುದಾದರೆ, ಮುಂದೆ ಎರಡು ಹಲಗೆಯಂಥ ಸ್ಕೀ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ಆದರೆ ರಬ್ಬರಿನ ಪಟ್ಟಿ, ನಡುವೆ ಬೈಕಿನ ಸೀಟು. ಇಲ್ಲಿಯವರ ಬಾಯಲ್ಲಿ ಅದು ಬರೀ ‘ಸ್ಲೆಡ್’. ನನ್ನದು ಹಳೆಯದು, ಎರಡು ಸಿಲಿಂಡರಿನ ಟು ಸ್ಟ್ರೋಕ್ ಇಂಜಿನ್, ಎರಡು ಕಾರ್ಬೊರೇಟರ್. ಈ ರಾಜ್ಯದಲ್ಲಿ ಸ್ಲೆಡ್ ಓಡಿಸಲೆಂದೇ ಸುಮಾರು 22,000 ಮೈಲಿ ದಾರಿ ಇದೆ. ಆ ದಾರಿ ತೆರೆಯುವುದು ಡಿಸೆಂಬರ್ 1ಕ್ಕೆ, ಮಾರ್ಚ್ ಮುಗಿದರೆ ಬಂದ್. ನಾಲ್ಕು ತಿಂಗಳ ದುಡಿಮೆ, ಎಂಟು ತಿಂಗಳ ರಜೆ. ಇಂಥ ನೌಕರಿ ಯಾರಿಗುಂಟು, ಯಾರಿಗಿಲ್ಲ ಎಂದು ನಾನು ಅಸೂಯೆಪಟ್ಟಿದ್ದೆ. ಆಮೇಲೆ ತಿಳಿಯಿತು: ಈ ಜಾತಿಯ ಇಂಜಿನ್ ದುಡಿದು ಸಾಯುವುದಕ್ಕಿಂತ ಮಲಗಿ ಸಾಯುವುದೇ ಹೆಚ್ಚು.

ಮೊದಲ ವರ್ಷ ನಾನು ಮಾಡಿದ್ದು, ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸೌದೆ ರಾಶಿಗೆ ಮಾಡುವಂತೆ, ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ ಬಿಗಿಯಾಗಿ ಹಗ್ಗ ಕಟ್ಟಿದ್ದು. ಭದ್ರವಾಯಿತು ಎಂದುಕೊಂಡೆ. ಡಿಸೆಂಬರ್‌ನಲ್ಲಿ ಬಿಚ್ಚಿ ಸ್ಟಾರ್ಟರ್ ಹಗ್ಗ ಎಳೆದೆ. ನಲವತ್ತು ಸಲ ಎಳೆದೆ. ಎಳೆದೆಳೆದು ನನ್ನ ಮೈ ಬಿಸಿಯಾಯಿತೇ ಹೊರತು ಇಂಜಿನ್ ಬಿಸಿಯಾಗಲಿಲ್ಲ. ಮೆಕ್ಯಾನಿಕ್ ಬಿಚ್ಚಿದಾಗ ಗಾಳಿ ಎಳೆಯುವ ಪೆಟ್ಟಿಗೆಯಲ್ಲಿ ಇಲಿಯ ಸಂಸಾರ ಸಿಕ್ಕಿತು. ನನ್ನ ಸೀಟಿನ ಸ್ಪಂಜನ್ನೇ ಕಿತ್ತು ಹಾಸಿಗೆ ಮಾಡಿಕೊಂಡಿದ್ದವು. ನನಗಿಂತ ನೀಟಾಗಿ ಸಂಸಾರ ಹೂಡಿದ್ದವು. ಕಾರ್ಬೊರೇಟರಿನ ಜೆಟ್ಟು ಎಂದರೆ ಸೂಜಿ ಮೊನೆ ತೂರುವಷ್ಟು ತೂತು. ಅಲ್ಲಿ ನಿಂತ ಪೆಟ್ರೋಲು ಆರಿ ಆರಿ ಹಲಸಿನ ಮೇಣವಾಗಿತ್ತು. ಟಾರ್ಪಾಲಿನ ಒಳಮೈಯಲ್ಲಿ ಬೇಸಿಗೆಯಿಡೀ ಬೆವರು ಕಟ್ಟಿ ಕಟ್ಟಿ ಇಂಜಿನ್ನಿನ ಹೊಟ್ಟೆಯ ಬೇರಿಂಗಿಗೂ ತುಕ್ಕು ತಾಗಿತ್ತು. ಬಿಲ್ಲು ನೋಡಿದ ಹೆಂಡತಿ, “ರೀ, ಇದರಲ್ಲಿ ಊರಿಗೆ ಹೋಗುವ ಅರ್ಧ ಟಿಕೆಟ್ ಬರ್ತಿತ್ತು” ಎಂದಳು. ಅವಳ ಲೆಕ್ಕದಲ್ಲಿ ಈ ಜಗತ್ತಿನ ಎಲ್ಲ ಖರ್ಚೂ ಊರಿನ ಟಿಕೆಟ್ಟಿನ ಇಷ್ಟನೇ ಒಂದು ಭಾಗ.

ಎರಡನೇ ವರ್ಷ ಬುದ್ಧಿ ಬಂತು. ಬಂದ ಬುದ್ಧಿ ಅಪ್ಪಯ್ಯನದು.

ಅಪ್ಪಯ್ಯನ ಹತ್ತಿರ ಜಾವಾ ಬೈಕು ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ದಿನ ಅಪ್ಪಯ್ಯ ಯಾರೋ ನೆಂಟರು ಹೋದಂತೆ ಮಂಕಾಗಿದ್ದರು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿರುವ ಆ ಗಾಡಿಯೂ ಟು ಸ್ಟ್ರೋಕೇ. ಬಂಕಿನಲ್ಲಿ ಪೆಟ್ರೋಲಿನ ಜೊತೆ ಕೈಪಂಪು ಒತ್ತಿ ಟುಟಿ ಆಯಿಲ್ ಹಾಕಿಸಿಕೊಳ್ಳಬೇಕು. ಅದರ ಹೊಗೆಯ ವಾಸನೆ ಬಂದರೆ ಅಪ್ಪಯ್ಯ ತಿರುವಿನಲ್ಲಿದ್ದಾರೆ ಎಂದು ನಾವು ಪುಸ್ತಕ ಕೈಗೆತ್ತಿಕೊಳ್ಳುತ್ತಿದ್ದೆವು. ಆಷಾಢದಲ್ಲಿ ಮಲೆನಾಡಿನ ಮಳೆ ಹಿಡಿದರೆ ಗಾಡಿ ಕೊಟ್ಟಿಗೆಗೆ ಸೇರುತ್ತಿತ್ತು. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪಯ್ಯ ಹೋಗಿ ಎರಡು ನಿಮಿಷ ಗುಡುಗುಡು ಅನ್ನಿಸಿ ಬರುತ್ತಿದ್ದರು. ‘ಯಂತ್ರಕ್ಕೆ ಆಗಾಗ ಉಸಿರು ಕೊಡ್ತಾ ಇರಬೇಕು’ ಎನ್ನುವುದು ಅವರ ಸಿದ್ಧಾಂತ. ಪಕ್ಕದಲ್ಲಿ ಕಟ್ಟಿದ ಎಮ್ಮೆಗೆ ಅದು ಒಪ್ಪಿಗೆಯಿರಲಿಲ್ಲ.

ನಾನೂ ಭಾನುವಾರ ಭಾನುವಾರ ಗ್ಯಾರೇಜಿನ ಬಾಗಿಲು ಎತ್ತಿ ಎರಡು ನಿಮಿಷ ಗುಡುಗುಡು ಅನ್ನಿಸತೊಡಗಿದೆ. ನಾಲ್ಕನೇ ಭಾನುವಾರ ಪಕ್ಕದ ಮನೆಯ ಅಜ್ಜ ಬೇಲಿಯ ಹತ್ತಿರ ಬಂದು ನಿಂತರು. ಅವರ ಹಿರೀಕರು ನಾರ್ವೆಯಿಂದ ಬಂದವರು. ಆ ಕುಲದವರಿಗೆ ಮಾತು ದುಬಾರಿ. ನಾಲ್ಕು ವರ್ಷದಲ್ಲಿ ನನ್ನೊಡನೆ ಆಡಿದ ಮಾತು ‘ಚಳಿ’ ಮತ್ತು ‘ಇನ್ನೂ ಚಳಿ’, ಇವೆರಡೇ. ಅಂದು ಮಾತ್ರ ಪೂರ್ತಿ ವಾಕ್ಯವನ್ನೇ ಖರ್ಚು ಮಾಡಿದರು: “ವಾರಕ್ಕೊಂದು ಸಲ ಅದರ ಹೊಟ್ಟೆಗೆ ನೀರು ಹೊಯ್ಯುತ್ತಿದ್ದೀಯಲ್ಲ, ಯಾಕೆ?”

ನಾನು ನೀರು ಹೊಯ್ದಿಲ್ಲ ಎಂದೆ. ಹೊಯ್ದಿದ್ದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಇಂಜಿನ್ ಚೆನ್ನಾಗಿ ಕಾದಿದ್ದರೆ ಅದು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಎರಡೇ ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣನೆಯ ಲೋಹಕ್ಕೆ ತಗುಲಿ ಹನಿಯಾಗಿ ಒಳಗೇ ಉಳಿಯುತ್ತದೆ. ಹಾಗಾದರೆ ಹೆಚ್ಚು ಹೊತ್ತು ಓಡಿಸೋಣ ಎಂದರೆ ಅದೂ ಆಗದು. ನೀರಿನಿಂದ ತಂಪಾಗುವ ಸ್ಲೆಡ್‌ಗಳಿಗೆ ಆ ನೀರನ್ನು ತಣಿಸಲು ಪಟ್ಟಿ ಎರಚುವ ಹಿಮವೇ ಬೇಕು. ಪಟ್ಟಿ ಜಾರುವ ಪ್ಲಾಸ್ಟಿಕ್ ಕಂಬಿಗೂ ಹಿಮವೇ ಗ್ರೀಸು. ಹಿಮವಿಲ್ಲದ ಕಾಲದಲ್ಲಿ ಅದು ನೀರಿನಿಂದ ತೆಗೆದ ಮೀನು.

ಟು ಸ್ಟ್ರೋಕಿಗೇ ಈ ಕಷ್ಟ ಯಾಕೆ ಎಂಬುದನ್ನು ಅಜ್ಜ ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಫೋರ್ ಸ್ಟ್ರೋಕ್ ಇಂಜಿನ್ ಗೃಹಸ್ಥ. ತಳದಲ್ಲಿ ಎಣ್ಣೆಯ ದಾಸ್ತಾನು ಇಟ್ಟುಕೊಂಡಿರುತ್ತದೆ. ಟು ಸ್ಟ್ರೋಕ್ ಸನ್ಯಾಸಿ. ಪೆಟ್ರೋಲಿನ ಜೊತೆ ಮಂಜಿನಂತೆ ತೇಲಿ ಬರುವ ಚೂರು ಎಣ್ಣೆಯೇ ಅದರ ಅಂದಂದಿನ ಭಿಕ್ಷೆ. ಕ್ರ್ಯಾಂಕ್ ಶಾಫ್ಟು, ಬೇರಿಂಗು, ಪಿಸ್ಟನ್, ಎಲ್ಲಕ್ಕೂ ಅದೇ ಗತಿ. ಇಂಜಿನ್ ನಿಂತಿತೆಂದರೆ ಭಿಕ್ಷೆ ನಿಂತಿತು. ಮೈಮೇಲಿದ್ದ ತೆಳು ಎಣ್ಣೆ ಕ್ರಮೇಣ ಇಳಿದುಹೋಗುತ್ತದೆ. ಹಗಲು ಸೆಕೆ, ರಾತ್ರಿ ತಂಪು. ಗಾಳಿಯ ತೇವ ಒಳಗೆ ಬೆವರಾಗುತ್ತದೆ. ಬರೀ ಮೈಯ ಉಕ್ಕಿಗೆ ಅಷ್ಟು ಸಾಕು.

ಪೆಟ್ರೋಲಿನದು ಇನ್ನೊಂದು ರಾಮಾಯಣ. ಅದರಲ್ಲಿ ಬೆರೆಸುವ ಎಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಥೇಟ್ ಮಳೆಗಾಲದ ಉಪ್ಪಿನ ಭರಣಿ. ಹೀರಿದ್ದು ಹೆಚ್ಚಾದರೆ ನೀರೂ ಎಥನಾಲೂ ಕೈಕೈ ಹಿಡಿದು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಿನೆಸೋಟದಲ್ಲಿ ಕಾರಿಗೆ ಎಥನಾಲ್ ಬೆರೆತ ಪೆಟ್ರೋಲು ಕಡ್ಡಾಯವಾದರೂ, ಸ್ಲೆಡ್, ದೋಣಿ, ಸಂಗ್ರಹದ ಹಳೇ ಕಾರು ಇಂಥವಕ್ಕೆ ಬೆರಕೆಯಿಲ್ಲದ್ದನ್ನು ಮಾರಲು ಕಾನೂನಿನಲ್ಲೇ ವಿನಾಯಿತಿ ಇದೆ. ಭಾರತದಲ್ಲಿ ನಮ್ಮೂರ ಬಂಕುಗಳಲ್ಲೂ ಈಗ ನೂರಕ್ಕೆ 20 ಪಾಲು ಎಥನಾಲ್. ಕೊಟ್ಟಿಗೆಯಲ್ಲಿ ಹಳೇ ಜಾವಾ ಮಲಗಿಸಿದವರು ಈ ಉಪ್ಪಿನ ಭರಣಿಯನ್ನು ನೆನಪಿಡುವುದು ಒಳ್ಳೆಯದು.

ಅಜ್ಜ ಬೇಲಿ ದಾಟಿ ಒಳಗೆ ಬಂದದ್ದು ಅಂದೇ. ಸ್ಲೆಡ್ ವಿಷಯ ಬಂದರೆ ಅವರಿಗೆ ನಾಲಿಗೆ ಚಿಗುರುತ್ತದೆ ಎಂದು ಗೊತ್ತಾದದ್ದೂ ಅಂದೇ. ಸ್ಲೆಡ್ ಹುಟ್ಟಿದ ಕಥೆಗಳನ್ನು ಹೇಳಿದರು. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲಿಯಾಸನ್ ಎಂಬ ಅಂಗಡಿಯವನಿದ್ದ. ಪಾದದ ಊನದಿಂದ ಗೆಳೆಯರ ಜೊತೆ ಹಿಮದಲ್ಲಿ ಬೇಟೆಗೆ ಹೋಗಲಾಗದೆ, 1924ರಲ್ಲಿ ಒಂದು ಜಾರುಬಂಡಿಗೆ ಎರಡೂವರೆ ಅಶ್ವಶಕ್ತಿಯ ದೋಣಿ ಇಂಜಿನ್, ಸೈಕಲ್ಲಿನ ಬಿಡಿಭಾಗ, ಫೋರ್ಡ್ ಕಾರಿನ ರೇಡಿಯೇಟರ್ ಸೇರಿಸಿ ಓಡಿಸಿದ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆಯದು ನಗುವ ಕಥೆಯಲ್ಲ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಕರುಳಬಾಲ ಕೆಟ್ಟು ಉಲ್ಬಣಿಸಿತು. ದಾರಿಯೆಲ್ಲ ಹಿಮ, ಆಸ್ಪತ್ರೆಗೆ ಒಯ್ಯಲು ಸಾಧನವಿಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಅವನಿಗೆ ಹುಡುಗನಾಗಿದ್ದಾಗಿನಿಂದಲೂ ಇತ್ತು. ಆಮೇಲೆ ಅದೇ ಹಟವಾಯಿತು. ಒಂದೆರಡು ವರ್ಷದಲ್ಲೇ ಏಳು ಜನ ಕೂರುವ ಹಿಮದ ಗಾಡಿ ಮಾಡಿದ. 1959ರಲ್ಲಿ ಒಬ್ಬಿಬ್ಬರು ಕೂರುವ ಹಗುರದ್ದನ್ನು ತಂದ: ಸ್ಕೀಡೂ. ನಾಯಿ ಎಳೆಯುವ ಬಂಡಿಯ ಬದಲಿಗೆ ಬಂದದ್ದಾದ್ದರಿಂದ ‘ಸ್ಕೀಡಾಗ್’ ಎಂದಿಡಬೇಕಿತ್ತು, ಬರೆಯುವವರು ಒಂದಕ್ಷರ ತಪ್ಪಿದರು ಎಂಬ ಕಥೆ ಇದೆ.

ಕಥೆಗಳೆಲ್ಲ ಚಳಿಗಾಲದಲ್ಲೇ ಮುಗಿಯುತ್ತವೆ. ಆ ಗಾಡಿಗಳು ಬೇಸಿಗೆಯಲ್ಲಿ ಎಲ್ಲಿ ಮಲಗಿದ್ದವು, ಯಾರು ಮಲಗಿಸಿದರು ಎಂಬುದನ್ನು ಯಾರೂ ಬರೆದಂತಿಲ್ಲ. ಬಾಣಂತನ ಮಾಡಿದವರ ಹೆಸರು ಯಾವ ಚರಿತ್ರೆಯಲ್ಲಿದೆ, ಹೇಳಿ?

ಮೂರನೇ ವರ್ಷ, ಅಂದರೆ ಅತ್ತೆ ಬಂದ ವರ್ಷ, ಏಪ್ರಿಲ್ ಕೊನೆಯ ಶನಿವಾರ ಅಜ್ಜನ ಉಸ್ತುವಾರಿಯಲ್ಲಿ ಕಾರ್ಯಕ್ರಮ ಇಟ್ಟುಕೊಂಡೆ. ಗ್ಯಾರೇಜಿನೊಳಗೆ ಇಂಜಿನ್ ಓಡಿಸಿದರೆ ವಿಷದ ಹೊಗೆ; ಆದ್ದರಿಂದ ಸ್ಲೆಡ್ಡನ್ನು ಚಕ್ರದ ಹಲಗೆಯ ಮೇಲೆ ಹತ್ತಿಸಿ ಅಂಗಳಕ್ಕೆ ತಳ್ಳಿದೆವು. ಟ್ಯಾಂಕಿನಲ್ಲಿ ಗಾಳಿಗೆ ಜಾಗವಿರದಂತೆ ಹೊಸ ಪೆಟ್ರೋಲು ತುಂಬಿ, ಅದು ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಆ ಮದ್ದು ಕಾರ್ಬೊರೇಟರಿನವರೆಗೂ ಮುಟ್ಟಲೆಂದು ಕೆಲವೇ ನಿಮಿಷ ಓಡಿಸಿದೆವು. ಆಮೇಲೆ ಗಾಳಿಪೆಟ್ಟಿಗೆ ಬಿಚ್ಚಿಟ್ಟು, ಓಡುತ್ತಿರುವ ಇಂಜಿನ್ನಿನ ಎರಡೂ ಕಾರ್ಬೊರೇಟರಿನ ಬಾಯಿಗೆ ಫಾಗಿಂಗ್ ಆಯಿಲ್ ಸ್ಪ್ರೇ ಹೊಡೆಯುವುದು. ಇದು ಅಂಟಿ ಕೂರುವ ಎಣ್ಣೆ. ಪೆಟ್ರೋಲು ಹೋಗುವ ಸಂದಿಗೊಂದಿಗೆಲ್ಲ ಹೋಗಿ ಬೇರಿಂಗಿನ ಮೈಗೆ ಲೇಪವಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಇಂಜಿನ್ ಒಂದು ಸಲ ಮುಗ್ಗರಿಸಿತು, ಕೆಮ್ಮಿತು, ಹಿಂದಿನಿಂದ ಬೆಳ್ಳನೆಯ ದಟ್ಟ ಹೊಗೆ ಬಿಟ್ಟಿತು. ಅಂಗಳವೇ ಕಾಣಲಿಲ್ಲ.

ಹೊಗೆಯ ನಡುವಿನಿಂದ ಅತ್ತೆಯ ಧ್ವನಿ ಬಂತು. “ಎಂತ ಅಳಿಯಂದ್ರೇ ಇದು? ಒಳಗೆ ಹಸೀ ಬಾಣಂತಿಗೆ ಒಂದು ಚಿಟಿಕೆ ಸಾಂಬ್ರಾಣಿ ಹಾಕ್ಲಿಕ್ಕೆ ಬಿಡ್ಲಿಲ್ಲ ನೀವು. ಈ ಗಾಡಿಗೆ ಮಾತ್ರ ಇಷ್ಟು ಹೊಗೆಯಾ?”

ನಾನು ವಿವರಿಸಿದೆ. ಏಳು ತಿಂಗಳು ಮಲಗಿಸಬೇಕು, ಅದಕ್ಕೆ ಒಳಮೈಗೆಲ್ಲ ಎಣ್ಣೆ ಹಚ್ಚುತ್ತಿದ್ದೇವೆ ಎಂದೆ. ಅತ್ತೆಯ ಮುಖ ಸಡಿಲಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಬಂದರು. “ಹಾಗೆ ಹೇಳಿ ಮತ್ತೆ. ಎಷ್ಟು ಹೆತ್ತದ್ದು?”

ಮುಂದಿನದೆಲ್ಲ ಅವರಿಗೆ ಗೊತ್ತಿದ್ದದ್ದೇ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಚಮಚದಷ್ಟು ಎಣ್ಣೆ ಬಿಟ್ಟು, ಕಿಡಿ ಹಾರದಂತೆ ಸ್ವಿಚ್ ಆಫ್ ಮಾಡಿ ಹಗ್ಗವನ್ನು ಮೆಲ್ಲಗೆ ಎಳೆಯಬೇಕು. ನಾನು ಅಭ್ಯಾಸಬಲದಿಂದ ಜಗ್ಗಿ ಎಳೆಯಹೋದೆ. “ನಿಧಾನ, ನಿಧಾನ! ಎಣ್ಣೆ ಇಳೀಲಿಕ್ಕೆ ಹೊತ್ತು ಬೇಕು. ನೆತ್ತಿಗೆ ಹಾಕಿದ ತಕ್ಷಣ ನೀರು ಹೊಯ್ತಾರಾ ಯಾರಾದ್ರೂ?” ಎಂದು ಗದರಿದರು. ಕನ್ನಡದ ಒಂದಕ್ಷರ ಬಾರದ ಅಜ್ಜ ಹೌದು ಹೌದು ಎಂದು ತಲೆಯಾಡಿಸಿದರು. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಬಸಿದೆವು. ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು ಪಟ್ಟಿಯ ಬಿಗಿ ಸಡಿಲಿಸಿದೆವು. ಭಾರವೆಲ್ಲ ಒಂದೇ ಕಡೆ ಬೀಳಬಾರದು. ಡ್ರೈವ್ ಬೆಲ್ಟ್ ಬಿಚ್ಚಿ ಗೋಡೆಗೆ ನೇತುಹಾಕಿದೆವು. ಈಗಿನ ಕೆಲವು ಹೊಸ ಇಂಜಿನ್‌ಗಳು ಗುಂಡಿ ಒತ್ತಿದರೆ ತಾವೇ ಒಳಗೊಳಗೆ ಎಣ್ಣೆ ಹಚ್ಚಿಕೊಳ್ಳುತ್ತವಂತೆ ಎಂದು ಹೇಳಿದಾಗ ಅತ್ತೆ, “ಅತ್ತೆ ಇಲ್ಲದ ಮನೆಯವು ಇರ್ಬೇಕು” ಎಂದರು.

ಅಷ್ಟರಲ್ಲಿ ಅವರು ಒಳಗೆ ಹೋಗಿ ಹರಳೆಣ್ಣೆಯ ಬಾಟಲಿ ಹಿಡಿದು ಬಂದರು. “ಆ ಡಬ್ಬಿ ಎಣ್ಣೆ ಎಂತಕ್ಕೆ? ಇದು ಮನೆಯಲ್ಲೇ ತೆಗೆದದ್ದು. ಮೂಳೆಗೆ ಇಳೀತದೆ.” ನಾನು ಸಂಕೋಚದಿಂದ ನಕ್ಕೆ. ಅಜ್ಜ ನಗಲಿಲ್ಲ. ಬಾಟಲಿ ತೆಗೆದುಕೊಂಡು ಮೂಸಿ ನೋಡಿ ಕಣ್ಣು ಮುಚ್ಚಿದರು. ಪ್ರಾಯದಲ್ಲಿ ಅವರು ಸ್ಲೆಡ್ ರೇಸಿಗೆ ಹೋಗುತ್ತಿದ್ದವರು. ಅವರ ಇಂಜಿನ್ನಿಗೆ ಬೆರೆಸುತ್ತಿದ್ದದ್ದು ಹರಳೆಣ್ಣೆಯೇ! ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳು ಓಡಿದ್ದೂ ಹರಳೆಣ್ಣೆಯ ಮೇಲೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಹೆಚ್ಚು ಶಾಖಕ್ಕೂ ಅದರ ಪಸೆ ಸುಲಭಕ್ಕೆ ಆರುವುದಿಲ್ಲ. ಆದರೆ ನಿಂತ ಇಂಜಿನ್ನಿನಲ್ಲಿ ಅಂಟುಅಂಟಾಗಿ ಗೋಂದಿನಂತೆ ಹಿಡಿಯುತ್ತದೆ, ಆದ್ದರಿಂದ ಮಲಗಿಸುವಾಗ ಬೇಡ ಎಂದರು ಅಜ್ಜ. ನಾನು ಅನುವಾದ ಮಾಡಿದೆ: “ಇದು ಓಡೋಕೆ ಒಳ್ಳೇದಂತೆ ಅತ್ತೆ, ಮಲಗೋಕೆ ಅಲ್ಲವಂತೆ.”

“ಅದು ಸರಿ,” ಎಂದರು ಅತ್ತೆ, ಚೂರೂ ನಗದೆ. “ಹರಳೆಣ್ಣೆ ಕುಡಿದವರು ಮಲಗಿದ್ದುಂಟಾ? ಓಡೋದೇ.”

ಇದನ್ನು ಅಜ್ಜನಿಗೆ ಅನುವಾದಿಸಲು ಐದು ನಿಮಿಷ ಹಿಡಿಯಿತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ಇಲಿ ನುಗ್ಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಗಾಳಿಪೆಟ್ಟಿಗೆಯ ತೂತಿಗೆ ಸ್ಟೀಲ್ ನಾರಿನ ಉಂಡೆ ಇಟ್ಟೆವು. “ಕಿವಿಗೆ ಹತ್ತಿ,” ಎಂದು ಅತ್ತೆ ಒಪ್ಪಿದರು, “ಗಾಳಿ ಹೊಕ್ಕೀತು.” ಪ್ಲಾಸ್ಟಿಕ್ ಟಾರ್ಪಾಲು ಕಂಡಾಗ ಮಾತ್ರ ಒಪ್ಪಲಿಲ್ಲ, ಒಳಗೆ ಬೆವರಿ ಶೀತವಾಗುತ್ತದೆ ಎಂದರು. ನಾನು ರಿಪೇರಿ ಅಂಗಡಿಯಲ್ಲಿ ಬಿಲ್ಲು ಕೊಟ್ಟು ಕಲಿತ ಪಾಠ ಅವರಿಗೆ ಬಿಟ್ಟಿಯಾಗಿ ಗೊತ್ತಿತ್ತು. ಹಳೇ ಹತ್ತಿ ಬೆಡ್‌ಶೀಟುಗಳನ್ನು ಜೋಡಿಸಿ ಹೊದಿಸಿದರು.

ಅಂದು ಸಂಜೆ ಒಳಗೆ ಹೋದರೆ ಹೆಂಡತಿ ತಲೆಗೆ ಬಟ್ಟೆ ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಳು. ಈ ಉಪಚಾರವನ್ನೆಲ್ಲ ನಾನು ಅಲ್ಲಿಯವರೆಗೆ ಹಳೇ ಕಾಲದ ಮುದುಕಿಯರ ಗೊಡ್ಡು ಎಂದುಕೊಂಡಿದ್ದೆ. ವಿಶ್ರಾಂತಿ ಎಂದರೆ ಏನೂ ಮಾಡದೆ ಬಿಡುವುದು, ಅದಕ್ಕೇನು ಇಷ್ಟು ರಂಪ ಎಂದುಕೊಂಡಿದ್ದೆ. ಬಿಟ್ಟದ್ದೇ ಬೇರೆ, ಮಲಗಿಸಿದ್ದೇ ಬೇರೆ. ಮೊದಲ ವರ್ಷ ನಾನು ಸ್ಲೆಡ್ಡನ್ನು ಬಿಟ್ಟಿದ್ದೆ. ಎರಡನೇ ವರ್ಷ ಮಲಗಲು ಬಿಟ್ಟಿರಲಿಲ್ಲ. ಒಬ್ಬರು ನೆಮ್ಮದಿಯಾಗಿ ಮಲಗಬೇಕಾದರೆ ಇನ್ನೊಬ್ಬರು ಒಂದು ದಿನ ಮೈಮುರಿದು ಎಣ್ಣೆ ಹಚ್ಚಬೇಕು.

ಸೆಪ್ಟೆಂಬರಿನಲ್ಲಿ ಅತ್ತೆ ಊರಿಗೆ ಹೋದರು. ಡಿಸೆಂಬರ್ ಮೊದಲ ಶನಿವಾರ ಮೊಣಕಾಲು ಮುಳುಗುವಷ್ಟು ಹಿಮ ಬಿತ್ತು. ಬೆಡ್‌ಶೀಟು ತೆಗೆದೆ. ಇಲಿಯ ಸುಳಿವಿಲ್ಲ. ಬೆಲ್ಟ್ ಹಾಕಿದೆ, ಸ್ಟೀಲ್ ನಾರು ತೆಗೆದೆ, ಹೊಸ ಪ್ಲಗ್ಗು ಕೂರಿಸಿದೆ. ಹಗ್ಗ ಎಳೆದೆ. ‘ಗುಡ್’ ಎಂದು ನಿಂತಿತು. ಮತ್ತೆ ಎಳೆದೆ. ಮತ್ತೆ ‘ಗುಡ್’. ಇಪ್ಪತ್ತು ಸಲವಾಯಿತು. ಅಜ್ಜ ಊರಲ್ಲಿರಲಿಲ್ಲ. ಒಳಗೆ ಹೆಂಡತಿ ವಿಡಿಯೊ ಕರೆಯಲ್ಲಿ ತಾಯಿಗೆ ಮಗುವನ್ನು ತೋರಿಸುತ್ತಿದ್ದಳು. ಇಲ್ಲಿ ಬೆಳಿಗ್ಗೆ ಎಂಟು, ತೀರ್ಥಹಳ್ಳಿಯಲ್ಲಿ ಸಂಜೆ ಏಳೂವರೆ. ಹಗ್ಗದ ಸದ್ದು ಅಲ್ಲಿಗೂ ಕೇಳಿತಂತೆ. ಫೋನು ಗ್ಯಾರೇಜಿಗೆ ಬಂತು.

“ಅಳಿಯಂದ್ರೇ,” ಎಂದರು ಅತ್ತೆ, “ಕಿವಿ ಹತ್ತಿ ತೆಗೆದ್ರಾ?”

ತೆಗೆದಿರಲಿಲ್ಲ. ಸೈಲೆನ್ಸರಿನಲ್ಲಿ ಬಟ್ಟೆ ಹಾಗೇ ಇತ್ತು. ಹೊಗೆ ಹೋಗಲು ದಾರಿಯಿಲ್ಲದೆ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತಿತ್ತು. ಎಳೆದು ತೆಗೆದೆ. ಎರಡನೇ ಎಳೆತಕ್ಕೆ ಹೊತ್ತಿಕೊಂಡು, ಏಳು ತಿಂಗಳ ಎಣ್ಣೆಯನ್ನೆಲ್ಲ ಬೆಳ್ಳನೆಯ ಹೊಗೆಯಾಗಿ ಉಗುಳಿತು.

ಆದ್ದರಿಂದ, ಸ್ಲೆಡ್ಡೋ ಜಾವಾವೋ ಮಲಗಿಸುವ ಓದುಗರಲ್ಲಿ ಒಂದೇ ವಿನಂತಿ. ಸೈಲೆನ್ಸರಿಗೆ ತುರುಕುವ ಬಟ್ಟೆ ಕೆಂಪಗಿರಲಿ, ಅದರ ಬಾಲ ಒಂದು ಗೇಣು ಹೊರಗೆ ಕಾಣುತ್ತಿರಲಿ, ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿ. ಎಲ್ಲರ ಮನೆಗೂ ತೀರ್ಥಹಳ್ಳಿಯಿಂದ ಫೋನು ಬರುವುದಿಲ್ಲ.